ಸುಜಾತಾ ಮೇಡಂ ಅವರ ಕೈಗಡಿಯಾರ

ಆ ದಿನ ಬೆಳಿಗ್ಗೆಯೂ ಬಾಗಿಲಿಗೆ ನೀರು ಹಾಕಿ, ಪುಟ್ಟದೊಂದು ರಂಗೋಲಿ ಬಿಟ್ಟು, ಹಾಲಿನ ಪಾತ್ರೆಯನ್ನು ಒಲೆಯ ಮೇಲಿಟ್ಟು ರೇಡಿಯೊ ಹಾಕಿದೆ. ವಾರ್ತೆಗೆ ಮುಂಚೆ ಬರುವ ಪೀಂ ಪೀಂ ಸದ್ದಿಗಾಗಿ ಕೈಗಡಿಯಾರದ ಗುಂಡಿಯನ್ನು ಹೊರಗೆಳೆದು ಹಿಡಿದು ಕಾದೆ. ಕೊನೆಯ ಪೀಂಗೆ ಸರಿಯಾಗಿ ಗುಂಡಿ ಒತ್ತುವಷ್ಟರಲ್ಲಿ ಹಾಲು ಉಕ್ಕಿ ಒಲೆಯೆಲ್ಲ ಚೆಲ್ಲಿತು. ಒರೆಸುತ್ತಾ ನಗು ಬಂತು. ಈ ಅಭ್ಯಾಸದ ಜೊತೆಗೆ ಈ ಅವಾಂತರವೂ ನನಗೆ ಸುಜಾತಾ ಮೇಡಂ ಅವರಿಂದಲೇ ಬಂದದ್ದು. ಅವರ ಮನೆಯಲ್ಲಿ ಸದಾ ಸೀದ ಹಾಲಿನ ವಾಸನೆ ಇರುತ್ತಿತ್ತು. ಗಡಿಯಾರಕ್ಕೂ ಹಾಲಿಗೂ ಒಟ್ಟಿಗೆ ಕಣ್ಣಿಡಲು ಅವರಿಗೂ ಬರುತ್ತಿರಲಿಲ್ಲ. ಗಡಿಯಾರವೂ ಅವರದೇ. ಅವರು ಹೋಗಿ ವರ್ಷವಾಗುತ್ತಾ ಬಂತು.

ನಮ್ಮ ಯಜಮಾನರು ಕಾಫಿ ಲೋಟ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತರು. ಅವರು ಅಲ್ಲಿ ನಿಂತು ಕಾಫಿ ಕುಡಿಯುವವರಲ್ಲ.

"ನೆನಪಿಲ್ಲ ಅಂದ್ಬಿಡು, ಸಾಕು. ಸುಳ್ಳು ಹೇಳು ಅಂತ ನಾನೇನೂ ಹೇಳ್ತಿಲ್ಲ. ಎರಡು ವರ್ಷದ ಹಿಂದಿನ ಮಾತು, ಯಾರಿಗೆ ತಾನೆ ನೆನಪಿರುತ್ತೆ?"

"ನೆನಪಿದೆಯಲ್ರೀ," ಎಂದೆ.

"ಚಿಕ್ಕಪ್ಪನ ಮುಖ ನಾನು ಹೇಗೆ ನೋಡ್ಲಿ, ಅದನ್ನೂ ಸ್ವಲ್ಪ ಯೋಚನೆ ಮಾಡು."

ಅವರಿಗೆ ಕೋಪವಿರಲಿಲ್ಲ, ಸಂಕಟವಿತ್ತು. ನಾನು ಲೋಟಕ್ಕೆ ಇನ್ನಷ್ಟು ಕಾಫಿ ಬಗ್ಗಿಸಿದೆ. ಅರಸೀಕೆರೆಯ ಕೋರ್ಟಿನಲ್ಲಿ ಆ ದಿನ ನಾನು ಸಾಕ್ಷಿ ಹೇಳಬೇಕಿತ್ತು. ಆಟೋ ಓಡಿಸುವ ಸಿದ್ದೇಶ ಒಬ್ಬ ಅಜ್ಜಿಗೆ ಗುದ್ದಿ ಸಾಯಿಸಿದನೋ, ಬೇರೆ ಯಾರೋ ಗುದ್ದಿ ಹೋದ ಅಜ್ಜಿಯನ್ನು ಎತ್ತಿ ಆಸ್ಪತ್ರೆಗೆ ಸೇರಿಸಿದನೋ ಎಂಬುದು ಮೊಕದ್ದಮೆ. ಅದಕ್ಕೂ ನನ್ನಂಥ ಮನೆವಾರ್ತೆಯವಳಿಗೂ ಏನು ಸಂಬಂಧ ಎಂದರೆ, ಸುಜಾತಾ ಮೇಡಂ ಒಂದು ದಿನ ನನ್ನನ್ನು ಕೇಳಿದ ಒಂದೇ ಪ್ರಶ್ನೆ: "ಗಿರಿಜಾ, ನಿಮಗೆ ಗಡಿಯಾರ ನೋಡೋಕೆ ಬರುತ್ತಲ್ಲ?"

ಮೇಡಂ ಹಳೇಬೀಡಿನವರು. ಬೌದ್ಧರ ಮನೆ, ತಂದೆ ಪ್ರಾಥಮಿಕ ಶಾಲೆಯ ಮೇಷ್ಟ್ರು. ಓದಿ, ಬೆಂಗಳೂರಿನ ಸರ್ಕಾರಿ ಪ್ರಯೋಗಾಲಯವೊಂದರಲ್ಲಿ ಕೆಲಸಕ್ಕೆ ಸೇರಿದರು. ಅಂಗಡಿ, ಬ್ಯಾಂಕು, ಬಸ್ ನಿಲ್ದಾಣಗಳ ಕ್ಯಾಮೆರಾ ಹಿಡಿದ ಚಿತ್ರಗಳು ಡಿವಿಆರ್ ಎಂಬ ಪೆಟ್ಟಿಗೆಯಲ್ಲಿ ಉಳಿಯುತ್ತವಲ್ಲ, ಅಪರಾಧ ನಡೆದಾಗ ಆ ಪೆಟ್ಟಿಗೆಯೊಳಗಿಂದ ಬೇಕಾದ ಚಿತ್ರವನ್ನು ಕೆಡದಂತೆ ಹೊರಗೆ ತೆಗೆದು ಕೋರ್ಟಿಗೆ ವರದಿ ಕೊಡುವುದು ಅವರ ಕೆಲಸ. ಅಳಿಸಿಹೋದದ್ದನ್ನೂ ಸುಟ್ಟ ಪೆಟ್ಟಿಗೆಯಲ್ಲಿ ಉಳಿದದ್ದನ್ನೂ ತೆಗೆದಿದ್ದಾರಂತೆ. ನಿವೃತ್ತಿಯ ನಂತರ ನಮ್ಮ ಬೀದಿಯ ಕೊನೆಯಲ್ಲಿ ಮನೆ ಕಟ್ಟಿಸಿಕೊಂಡು ಬಂದರು. ಕುಳ್ಳಗೆ, ಕತ್ತರಿಸಿದ ಬಿಳಿಗೂದಲು, ಯಾವಾಗಲೂ ಹತ್ತಿ ಸೀರೆ, ಸೀರೆಗೆ ಹೊಂದದ ಕ್ಯಾನ್‌ವಾಸ್ ಶೂ. ಶೂ ಬಗ್ಗೆ ನಮ್ಮ ಪಕ್ಕದ ಮನೆಯ ಕಮಲಕ್ಕ ಮೊದಲ ವಾರವೇ ಕೇಳಿದ್ದರು. "ಓಡ್ಬೇಕಾಗಿ ಬಂದ್ರೆ ಇರ್ಲಿ ಅಂತ," ಎಂದರಂತೆ. ಯಾರಿಂದ ಓಡಬೇಕು ಎಂದು ಕಮಲಕ್ಕನಿಗೆ ಇವತ್ತಿಗೂ ಗೊತ್ತಾಗಿಲ್ಲ.

ಅವರು ಮೊದಲ ಸಲ ನಮ್ಮ ಮನೆಗೆ ಬಂದಾಗ ಕುರ್ಚಿಯಲ್ಲಿ ಕೂರುವ ಮೊದಲು ಗೋಡೆ ಗಡಿಯಾರ ನೋಡಿದರು, ಕೈಗಡಿಯಾರ ನೋಡಿದರು.

"ಇದು ಮುಂದಿದೆ."

"ಬೇಕಂತಲೇ ಇಟ್ಟಿರೋದು ಮೇಡಂ. ಮಕ್ಕಳ ಸ್ಕೂಲ್ ಬಸ್ಸಿಗೆ. ಹತ್ತು ನಿಮಿಷ."

"ಹತ್ತಲ್ಲ, ಹನ್ನೊಂದು."

ನನಗೆ ನಾಚಿಕೆಯಾಗಿ ಸರಿ ಮಾಡಿಸುತ್ತೇನೆ ಎಂದೆ. ಅವರು ಬೇಡವೇ ಬೇಡ ಎಂದರು. "ಗಡಿಯಾರ ತಪ್ಪಿದ್ರೆ ಇರ್ಲಿ ಬಿಡಿ. ಎಷ್ಟು ತಪ್ಪು ಅಂತ ಗೊತ್ತಿದ್ರೆ ಅದೂ ಸರಿಯಾದ ಗಡಿಯಾರವೇ." ಕಾನ್ವೆಂಟಿನಲ್ಲಿ ಸಿಸ್ಟರ್ ಹೇಳಿಕೊಟ್ಟ ಎಷ್ಟೋ ನೀತಿಗಳು ನನಗೆ ಬಾಯಿಪಾಠವಾಗಿದ್ದವು. ಇಂಥದ್ದೊಂದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಅವರ ಜೊತೆ ಎಲ್ಲಿಗಾದರೂ ಹೋಗುವುದೆಂದರೆ ಪಕ್ಕದವರಿಗೆ ಮುಜುಗರವೇ. ಒಮ್ಮೆ ಬೇಲೂರಿನಲ್ಲಿ ದೇವಸ್ಥಾನ ನೋಡಿಕೊಂಡು ಹೋಟೆಲಿಗೆ ಹೋದೆವು. ನಾನು ದೋಸೆಗೆ ಕಾಯುತ್ತಿದ್ದರೆ ಅವರು ಗಲ್ಲಾದ ಮೇಲಿದ್ದ ಕ್ಯಾಮೆರಾದ ಪರದೆಯನ್ನೇ ನೋಡುತ್ತಿದ್ದರು. ಎದ್ದು ಹೋಗಿ ಮಾಲೀಕರಿಗೆ ಹೇಳಿದರು: "ಸ್ವಾಮಿ, ನಿಮ್ಮ ಪೆಟ್ಟಿಗೆ ಒಂದು ದಿನ ಮುಂದಿದೆ."

"ಇದ್ರೆ ಇರ್ಲಿ ಬಿಡೀಮ್ಮಾ. ದೋಸೆ ಬಿಸಿಯಾಗಿದ್ರೆ ಸಾಕಲ್ವಾ ನಿಮ್ಗೆ?"

"ಇವತ್ತು ಇಲ್ಲಿ ಕಳ್ಳತನ ಆದ್ರೆ, ಅದು ನಾಳೆ ಆಯ್ತು ಅನ್ನುತ್ತೆ ನಿಮ್ಮ ಪೆಟ್ಟಿಗೆ. ಪೊಲೀಸ್ನೋರು ಕಳ್ಳನ್ನ ಬಿಟ್ಟು ಜೋತಿಷ್ಯದೋರನ್ನ ಕರೀಬೇಕಾಗುತ್ತೆ."

ಹೋಟೆಲೆಲ್ಲ ನಕ್ಕಿತು. ಮಾಲೀಕರು ನಗಲಿಲ್ಲ. ಆದರೆ ನಾವು ಹೊರಡುವಾಗ ಅವರು ಸ್ಟೂಲು ಹತ್ತಿ ಪೆಟ್ಟಿಗೆಯ ಮುಂದೆ ಕನ್ನಡಕ ಹಾಕಿಕೊಂಡು ನಿಂತಿದ್ದರು.

ಸಿದ್ದೇಶನ ಕತೆ ಆದದ್ದು ದಸರಾ ಕಳೆದ ಮೇಲೆ. ಹೊತ್ತು ಮುಳುಗುವ ಸಮಯದಲ್ಲಿ ಹಾರನಹಳ್ಳಿ ಕಡೆಯ ಅಜ್ಜಿಯೊಬ್ಬರನ್ನು ತನ್ನ ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಬಂದ. ಅಜ್ಜಿ ಎಚ್ಚರವಾಗದೆ ತೀರಿಕೊಂಡರು. ಆಟೋದಲ್ಲಿ ರಕ್ತವಿತ್ತು, ಕಂಡವರು ಯಾರೂ ಇರಲಿಲ್ಲ, ಗುದ್ದಿದವನು ಅವನೇ ಎಂದಾಯಿತು. ಜಾಮೀನಿನ ಮೇಲೆ ಹೊರಗೆ ಬಂದರೂ ಅವನ ಆಟೋಗೆ ಯಾರೂ ಹತ್ತದಾದರು. "ಆ ಗಾಡಿ ಹತ್ತಬ್ಯಾಡಿ ಕಣ್ರೀ, ಹೆಣ ಹೊತ್ತಿರೋದು," ಎಂದು ಕಮಲಕ್ಕ ಬೀದಿಗೆಲ್ಲ ಹೇಳಿದರು.

ಅಪಘಾತವಾದ ಜಾಗದ ಎದುರಿಗೇ ನಮ್ಮ ಚಿಕ್ಕಮಾವ, ಅಂದರೆ ನಮ್ಮ ಯಜಮಾನರ ಚಿಕ್ಕಪ್ಪ ರುದ್ರಪ್ಪನವರ ಕಾಯಿ ಮಂಡಿ. ಮಂಡಿಗೆ ಕ್ಯಾಮೆರಾ ಇತ್ತು. ಪೊಲೀಸರು ಬಂದು ಪೆಟ್ಟಿಗೆಯಲ್ಲಿ ಆ ತಾರೀಖನ್ನು ಹುಡುಕಿದರೆ ಏನೂ ಇಲ್ಲ, ಅದರ ಹಿಂದಿನ ಮುಂದಿನ ದಿನಗಳೂ ಇಲ್ಲ. "ಹಬ್ಬದಿಂದೀಚೆಗೆ ಕೆಟ್ಟೋಗೈತೆ," ಎಂದರು ಚಿಕ್ಕಮಾವ. ಪೊಲೀಸರು ಹಾಗೆಯೇ ಬರೆದುಕೊಂಡು ಹೋದರು. ಸಿದ್ದೇಶನ ವಕೀಲರು ಬಿಡದೆ ಕೋರ್ಟಿಗೆ ಅರ್ಜಿ ಹಾಕಿ, ಪೆಟ್ಟಿಗೆಯನ್ನು ಬಲ್ಲವರೊಬ್ಬರು ಪರೀಕ್ಷಿಸಲಿ ಎಂದು ಕೇಳಿದರು. ಕೋರ್ಟು ಸುಜಾತಾ ಮೇಡಂ ಅವರನ್ನು ನೇಮಿಸಿತು. ಆದೇಶ ಕೈಗೆ ಬರುವವರೆಗೆ ಅವರು ಮನೆಯಲ್ಲಿ ಕುಳಿತಲ್ಲಿ ಕೂರಲಿಲ್ಲ. "ಆ ಪೆಟ್ಟಿಗೆ ತುಂಬಿದ ಮೇಲೆ ಹಳೇದನ್ನ ತಿಂದು ಹೊಸದನ್ನ ಇಟ್ಕೊಳ್ಳುತ್ತೆ ಗಿರಿಜಾ. ನಾವು ಇಲ್ಲಿ ಚಹಾ ಕುಡೀತಾ ಇದ್ದೀವಿ, ಅದು ಅಲ್ಲಿ ತಿಂತಾ ಇದೆ."

ಅವರು ಒಬ್ಬ ಪೇದೆಯೊಂದಿಗೆ ಮಂಡಿಗೆ ಬಂದ ದಿನ ನಾನು ಅಲ್ಲಿಯೇ ಇದ್ದೆ, ಮನೆಗೆ ಕಾಯಿ ಆರಿಸಲು ಹೋಗಿದ್ದೆ. ಪೆಟ್ಟಿಗೆ ಗಲ್ಲಾದ ಹಿಂದಿನ ಗೂಡಿನಲ್ಲಿತ್ತು. ಮೈಮೇಲೆ ವಿಭೂತಿಯ ಮೂರು ಎಳೆ, ನಡುವೆ ಕುಂಕುಮ, ಬಾಡಿ ಒಣಗಿದ ಚೆಂಡುಹೂವಿನ ಒಂದು ಎಸಳು. ಮೇಡಂ ಚೀಲದಿಂದ ಸಾಮಾನು ತೆಗೆಯುತ್ತಿದ್ದರೆ ಚಿಕ್ಕಮಾವ ಅಡ್ಡ ನಿಂತರು.

"ಪೂಜೆ ಮಾಡಿರೋ ವಸ್ತು ಅದು. ಯಾರ್ ಬೇಕಾದ್ರೂ ಮುಟ್ಟೋ ಹಾಗಿಲ್ಲ."

ಆ ಮಾತು ಯಾಕೆ ಬಂತೆಂದು ಅಲ್ಲಿದ್ದವರಿಗೆಲ್ಲ ತಿಳಿಯಿತು. ಕಾಯಿ ಸುಲಿಯುತ್ತಿದ್ದವರು ಕೈ ನಿಲ್ಲಿಸಿದರು. ಮೇಡಂ ತಲೆ ಎತ್ತಲಿಲ್ಲ. ಬಿಳಿಯ ರಬ್ಬರ್ ಕೈಗವಸನ್ನು ಒಂದೊಂದು ಬೆರಳಿಗೂ ಎಳೆದು ಕೂರಿಸಿಕೊಂಡರು.

"ಯೋಚನೆ ಮಾಡಬೇಡಿ ರುದ್ರಪ್ಪನವರೇ. ನಾನು ಯಾರ ಪೆಟ್ಟಿಗೇನೂ ಬರಿಗೈಲಿ ಮುಟ್ಟಲ್ಲ. ಎಲ್ಲರದ್ದೂ ಮೈಲಿಗೇನೇ ನನಗೆ. ಸ್ವಲ್ಪ ಪಕ್ಕಕ್ಕೆ ಬನ್ನಿ, ಬೆಳಕಿಗೆ ಅಡ್ಡ ಆಗ್ತಿದೀರಿ."

ಚಿಕ್ಕಮಾವ ಪಕ್ಕಕ್ಕೆ ಬಂದರು. ಮೇಡಂ ಜೋರಾಗಿ ಬೈದಿದ್ದರೆ ಅವರೂ ಬೈಯುತ್ತಿದ್ದರು.

ಸಾಕ್ಷಿಗೆ ಇಬ್ಬರು ಬೇಕಿತ್ತು. ಎದುರಿನ ಔಷಧಿ ಅಂಗಡಿಯವನು ಒಪ್ಪಿದ. ಉಳಿದವರೆಲ್ಲ ಒಬ್ಬೊಬ್ಬರಾಗಿ ಟೀ ಕುಡಿಯಲು ಹೋದರು. ಆಗಲೇ ಮೇಡಂ ನನ್ನತ್ತ ತಿರುಗಿ ಗಡಿಯಾರದ ಪ್ರಶ್ನೆ ಕೇಳಿದ್ದು.

"ಬರುತ್ತೆ ಮೇಡಂ," ಎಂದೆ.

"ಕಂಡದ್ದನ್ನ ಕಂಡ ಹಾಗೆ ಬರೆಯೋಕೆ?"

ಚಿಕ್ಕಮಾವ ನನ್ನನ್ನೇ ನೋಡುತ್ತಿದ್ದರು. ನನ್ನ ಕೈಯಲ್ಲಿ ಅವರದೇ ಕಾಯಿಗಳ ಚೀಲವಿತ್ತು. ಅದನ್ನು ಕೆಳಗಿಟ್ಟು, "ಬರುತ್ತೆ," ಎಂದೆ.

ಪೆಟ್ಟಿಗೆಗೆ ಜೋಡಿಸಿದ್ದ ಪರದೆಯ ಮೂಲೆಯಲ್ಲಿ ಇರುವೆ ಸಾಲಿನಂಥ ಸಣ್ಣ ಅಂಕಿಗಳಿದ್ದವು. ಮೇಡಂ ನನ್ನನ್ನು ಹತ್ತಿರ ಕರೆದು ಓದಿಸಿದರು. ಇಸವಿ ಎರಡು ಸಾವಿರ ಎಂದಿತ್ತು. ನಾನು ಎರಡು ಸಲ ಓದಿದೆ. ಮೇಡಂ ವಿಭೂತಿಯ ಎಳೆಗಳನ್ನು ನೋಡಿ ಚಿಕ್ಕಮಾವನನ್ನು ಕೇಳಿದರು: "ಆಯುಧ ಪೂಜೆಗೆ ಇದನ್ನ ಆಫ್ ಮಾಡಿದ್ರಾ?"

"ಮಾಡ್ದೆ ಇರ್ತೀವಾ? ತಕ್ಕಡಿಯಿಂದ ಹಿಡಿದು ಎಲ್ಲಾನೂ ನಿಲ್ಸಿ, ವೈರ್ ಕಿತ್ತು, ಒರೆಸಿ ಪೂಜೆ ಮಾಡೋದು. ಆ ದಿನ ಯಾವ ಯಂತ್ರಾನೂ ಮುಟ್ಟಲ್ಲ ನಾವು. ಮಾರನೇ ದಿನ ಹಾಕಿದ್ದು."

"ಅಲ್ಲೀವರೆಗೆ ಯಾವತ್ತೂ ನಿಂತಿರಲಿಲ್ವಾ?"

"ಯುಪಿಎಸ್ ಐತಲ್ಲ. ಕರೆಂಟ್ ಹೋದ್ರೂ ನಿಲ್ಲಲ್ಲ."

ಆಮೇಲೆ ಮೇಡಂ ನನಗೆ ಬಿಡಿಸಿ ಹೇಳಿದರು. ಪೆಟ್ಟಿಗೆಯೊಳಗೆ ಒಂದು ಬಿಲ್ಲೆಯಂಥ ಬ್ಯಾಟರಿ ಇರುತ್ತದೆ, ಕರೆಂಟಿಲ್ಲದಾಗ ತಾರೀಖನ್ನು ನೆನಪಿಟ್ಟುಕೊಳ್ಳುವುದು ಅದು. ಅದು ಯಾವತ್ತೋ ಸತ್ತಿತ್ತು. ಪೂಜೆಗೆಂದು ವೈರ್ ಕಿತ್ತಾಗ ಪೆಟ್ಟಿಗೆ ತಾರೀಖು ಮರೆತು, ಮರುದಿನ ಎದ್ದಾಗ ತಾನು ಹುಟ್ಟಿದ ದಿನವೇ ಇದು ಎಂದುಕೊಂಡಿತು. ಅಲ್ಲಿಂದ ಒಂದು ದಿನವೂ ಬಿಡದೆ ಎಲ್ಲವನ್ನೂ ಹಿಡಿದಿಟ್ಟಿತ್ತು, ಹಳೆಯ ಇಸವಿಯ ಹೆಸರಿನಲ್ಲಿ. ಎಲ್ಲರೂ ಸರಿಯಾದ ತಾರೀಖಿನಲ್ಲಿ ಹುಡುಕಿದ್ದರು, ಅದಕ್ಕೇ ಸಿಕ್ಕಿರಲಿಲ್ಲ.

ಅವರು ತಮ್ಮ ಕೈಗಡಿಯಾರ ಬಿಚ್ಚಿ ಪರದೆಯ ಪಕ್ಕಕ್ಕೆ ಹಿಡಿದು ಫೋಟೊ ತೆಗೆದರು. ಎರಡರ ಹೊತ್ತನ್ನೂ ಗಟ್ಟಿಯಾಗಿ ಓದಲು ನನಗೆ ಹೇಳಿದರು. ನಾನು ಓದಿದೆ, ಬರೆದೆ, ರುಜು ಹಾಕಿದೆ. ಆ ವ್ಯತ್ಯಾಸವನ್ನು ಲೆಕ್ಕ ಹಾಕಿ ಹಿಂದಕ್ಕೆ ಹೋದರೆ ಆ ಸಂಜೆ ಅಲ್ಲಿತ್ತು. ಮಂಡಿಯಿಂದ ಕಾಯಿ ತುಂಬಿದ ಒಂದು ಗೂಡ್ಸ್ ಗಾಡಿ ಹೊರಡುತ್ತದೆ, ತಿರುವಿನಲ್ಲಿ ಅಂಚಿಗೆ ಬರುತ್ತದೆ, ಸೀರೆಯುಟ್ಟ ಒಬ್ಬರು ಬೀಳುತ್ತಾರೆ. ಗಾಡಿ ನಿಲ್ಲುವುದಿಲ್ಲ. ಸ್ವಲ್ಪ ಹೊತ್ತಿಗೆ ಒಂದು ಆಟೋ ಬರುತ್ತದೆ, ಒಬ್ಬ ಇಳಿಯುತ್ತಾನೆ, ಬಗ್ಗಿ ಎತ್ತಿಕೊಳ್ಳುತ್ತಾನೆ. ಎತ್ತುವಾಗ ಆ ಸೀರೆಯ ಸೆರಗನ್ನು ಸರಿ ಮಾಡುತ್ತಾನೆ. ನನಗೆ ನೆನಪಿರುವುದು ಅದೇ.

ಮುಸ್ಸಂಜೆ, ಮುಖ ಯಾವುದೂ ಕಾಣುತ್ತಿರಲಿಲ್ಲ. ಸಿದ್ದೇಶನ ಹೆಂಡತಿ ಭಾಗ್ಯ, ಮೇಡಂ ಅವರ ಮನೆಗೆ ಬಂದು ಅತ್ತಳು. "ಅದು ನಮ್ಮೋರೇ ಅಂತ ಬರ್ದುಬಿಡಿ ಅವ್ವಾ. ಇಲ್ಲಾಂದ್ರೆ ಮುಖ ಒಸಿ ಕಾಣೋ ಹಂಗಾದ್ರೂ ಮಾಡಿ. ಈಗೆಲ್ಲ ಮಾಡ್ತಾರಂತಲ್ಲ ಕಂಪ್ಯೂಟ್ರಲ್ಲಿ."

"ನಮ್ಮೂರ ದೇವಸ್ಥಾನ ನೋಡಿದೀಯೇನಮ್ಮ? ಮೂಗು ಮುರಿದ ವಿಗ್ರಹ ಎಷ್ಟೋ ಇವೆ. ಯಾರಾದ್ರೂ ಸಿಮೆಂಟಲ್ಲಿ ಹೊಸ ಮೂಗು ಅಂಟಿಸ್ತಾರಾ? ಅಂಟಿಸಿದ್ರೆ ಉಳಿದದ್ದನ್ನೂ ಯಾರೂ ನಂಬಲ್ಲ. ಒಂದು ಆಟೋ ಬಂತು, ಒಬ್ಬರು ಎತ್ತಿಕೊಂಡರು ಅಂತ ಬರೀತೀನಿ. ಅಷ್ಟೇ ಕಂಡದ್ದು. ಅಷ್ಟೇ ಸಾಕು ನಿನ್ನ ಗಂಡನಿಗೆ."

ಭಾಗ್ಯ ಮುನಿಸಿಕೊಂಡೇ ಹೋದಳು. ನನಗೂ ಬೇಸರವಾಗಿತ್ತು. ಆ ದಿನಗಳಲ್ಲೇ ಒಮ್ಮೆ ಪೇಟೆಯಲ್ಲಿ ಜೋರು ಮಳೆ ಹಿಡಿದು, ನಾವಿಬ್ಬರೂ ತರಕಾರಿ ಚೀಲ ಹಿಡಿದು ಅಂಗಡಿಯ ಸೂರಿನಡಿ ನಿಂತಿದ್ದಾಗ ಸಿದ್ದೇಶ ಆಟೋ ತಂದು ನಿಲ್ಲಿಸಿದ. "ಬನ್ನಿ ಮೇಡಂ, ಬಿಟ್ ಬತ್ತೀನಿ." ಮೇಡಂ ಹತ್ತಲಿಲ್ಲ. "ವರದಿ ಕೊಡೋವರೆಗೆ ನಿನ್ನ ಆಟೋ ನನಗೆ ಬೇಡಪ್ಪ." ಅವನ ಮುಖ ಸಣ್ಣದಾಯಿತು. ನಾವು ನೆನೆದುಕೊಂಡೇ ಮನೆಗೆ ಬಂದೆವು. ಅವರ ಶೂ ದಾರಿಯುದ್ದಕ್ಕೂ ಪಚ ಪಚ ಎನ್ನುತ್ತಿತ್ತು.

ವರದಿ ಕೋರ್ಟಿಗೆ ಕೊಟ್ಟ ದಿನ ಮಧ್ಯಾಹ್ನ ಬಸ್ ನಿಲ್ದಾಣದ ಮುಂದೆ ನಿಂತು ಮೇಡಂ ಸಿದ್ದೇಶನನ್ನು ಕೂಗಿ ಕರೆದರು. ಕಮಲಕ್ಕ ಅಲ್ಲಿಯೇ ಬಸ್ಸಿಗೆ ಕಾಯುತ್ತಿದ್ದರಂತೆ, ಅವರೇ ನನಗೆ ಬಂದು ಹೇಳಿದ್ದು. "ಆ ಯಮ್ಮ ಮನೆಗೆ ಹೋಗೋದು ಬಿಟ್ಟು ಪೇಟೆ ಬೀದಿ ಪೂರ್ತಿ ಎರಡು ಸುತ್ತು ಹೊಡೆಸಿದ್ರು ಕಣ್ರೀ. ಮೆರವಣಿಗೆ ಹೊಂಟಂಗೆ. ಕಾಯಿ ಮಂಡಿ ಮುಂದೆ ನಿಲ್ಸಿ, ಇಳಿದು, ಒಂದು ಎಳನೀರು ಕುಡಿದು ಮತ್ತೆ ಹತ್ತಿದ್ರು." ಕಮಲಕ್ಕನ ದನಿಯಲ್ಲಿ ದೂರು ಇತ್ತು. ನಾನು ಒಳಗೆ ಹೋಗಿ ಒಬ್ಬಳೇ ನಕ್ಕೆ.

ಇಷ್ಟಾದರೂ ಮೊಕದ್ದಮೆ ಬಿದ್ದುಹೋಗಲಿಲ್ಲ. ಇಸವಿಯೇ ಬೇರೆ ಇದೆಯಲ್ಲ, ಅದು ಯಾವತ್ತಿನದೋ ಎಂಬುದು ಸರ್ಕಾರಿ ವಕೀಲರ ವಾದ. ಮುಖವಿಲ್ಲದ ಆ ಚಿತ್ರಕ್ಕೆ ತಾರೀಖೇ ಜೀವ. ತಾರೀಖು ಹೋದರೆ ಸಿದ್ದೇಶ ಜೈಲಿಗೆ. ಅದು ವಿಚಾರಣೆಗೆ ಬರುವ ಮೊದಲೇ ಮೇಡಂ ಹೋದರು. ಹಿಂದಿನ ದಿನ ನಮ್ಮ ಮನೆಗೆ ಬಂದಿದ್ದರು, ಉಪ್ಪಿನಕಾಯಿ ಹಾಕಿ ಕೊಟ್ಟಿದ್ದ ಡಬ್ಬಿ ವಾಪಸು ಕೊಡಲು. "ಎಣ್ಣೆ ಜಾಸ್ತಿ ಮಾಡಿದೀರಿ," ಎಂದರು. ಹಳೇಬೀಡಿನಲ್ಲಿ ತಮ್ಮನ ಮೊಮ್ಮಗುವಿನ ನಾಮಕರಣ, ಮುಗಿಸಿಕೊಂಡು ಬರುತ್ತೇನೆ ಎಂದರು. ಬಾಗಿಲಲ್ಲಿ ನಿಂತು ಗೋಡೆ ಗಡಿಯಾರ ನೋಡಿ, "ಹನ್ನೊಂದೇ ಇದೆ, ಭೇಷ್," ಎಂದು ಹೋದರು. ಅಲ್ಲಿಯೇ, ತಮ್ಮನ ಮನೆಯಲ್ಲಿ, ಮಲಗಿದ್ದವರು ಏಳಲಿಲ್ಲ. ಕಾರ್ಯ ಮುಗಿದ ಮೇಲೆ ಅವರ ತಮ್ಮ ಗಡಿಯಾರವನ್ನು ಕರವಸ್ತ್ರದಲ್ಲಿ ಸುತ್ತಿ ತಂದುಕೊಟ್ಟರು. ಅಕ್ಕ ನಿಮ್ಮ ವಿಷಯ ಹೇಳುತ್ತಿದ್ದಳು ಎಂದಷ್ಟೇ ಹೇಳಿದರು.

ಈ ನಡುವೆ ಔಷಧಿ ಅಂಗಡಿಯವನು ಕೋರ್ಟಿಗೆ ಹೋಗಿ ನನಗೇನೂ ನೆನಪಿಲ್ಲ ಎಂದು ಹೇಳಿ ಬಂದ. ಯುಗಾದಿಗೆ ಚಿಕ್ಕಮಾವನ ಮನೆಯಿಂದ ಬರುತ್ತಿದ್ದ ಕಾಯಿ ಚೀಲ ಬರಲಿಲ್ಲ. ಉಳಿದವಳು ನಾನೊಬ್ಬಳು.

ಆ ಬೆಳಿಗ್ಗೆ ಬೀದಿಯ ತಿರುವಿನಲ್ಲಿ ಸಿದ್ದೇಶ ಆಟೋ ನಿಲ್ಲಿಸಿಕೊಂಡಿದ್ದ. ನಾನು ತಲೆಯಾಡಿಸಿ ನಡೆದುಕೊಂಡೇ ಹೋದೆ. ಅವನು ಈ ಸಲ ಮುಖ ಸಣ್ಣದು ಮಾಡಲಿಲ್ಲ. ಕಲಿತಿದ್ದ.

ಕೋರ್ಟಿನಲ್ಲಿ ಚಿಕ್ಕಮಾವ ಹಿಂದಿನ ಬೆಂಚಿನಲ್ಲಿ ಕೂತಿದ್ದರು. ಕೇಳಿದ್ದಕ್ಕೆ ಮಾತ್ರ, ಪೂರ್ತಿ ವಾಕ್ಯದಲ್ಲಿ ಉತ್ತರ ಹೇಳಬೇಕೆಂದು ಸಿಸ್ಟರ್ ಕಲಿಸಿದ್ದು ನೆನಪಿಗೆ ಬಂತು. ಸರ್ಕಾರಿ ವಕೀಲರು ಒರಟು ಮನುಷ್ಯರಲ್ಲ, ನಗುನಗುತ್ತಲೇ ಕೇಳಿದರು.

"ಆ ಪೆಟ್ಟಿಗೆಯ ಗಡಿಯಾರ ತಪ್ಪಾಗಿತ್ತು. ಒಪ್ತೀರಾ?"

"ಒಪ್ಪುತ್ತೇನೆ ಸರ್. ತಪ್ಪಾಗಿತ್ತು."

"ನಿಮ್ಮ ಮನೇಲೂ ಗಡಿಯಾರ ಹೆಚ್ಚುಕಮ್ಮಿಯಂತೆ?"

ಅದನ್ನು ಯಾರು ಹೇಳಿಕೊಟ್ಟಿದ್ದರೆಂದು ತಿರುಗಿ ನೋಡದೆಯೇ ತಿಳಿಯಿತು. ಹಬ್ಬಗಳಿಗೆ ಬಂದು ಆ ಗಡಿಯಾರದ ಕೆಳಗೇ ಕೂತು ಊಟ ಮಾಡಿದವರು. ಯಾರೋ ನಕ್ಕರು.

"ಹೌದು ಸರ್. ನಮ್ಮ ಮನೆ ಗಡಿಯಾರ ಹನ್ನೊಂದು ನಿಮಿಷ ಮುಂದಿದೆ. ಅದು ನನಗೆ ಗೊತ್ತು. ಅದನ್ನು ನೋಡಿಕೊಂಡೇ ಮಕ್ಕಳನ್ನು ಕಳಿಸುತ್ತೇನೆ, ಒಂದು ದಿನವೂ ಬಸ್ಸು ತಪ್ಪಿಲ್ಲ. ಈ ಪೆಟ್ಟಿಗೆ ಎಷ್ಟು ಹಿಂದಿತ್ತು ಅನ್ನೋದೂ ನನಗೆ ಗೊತ್ತು. ಗಡಿಯಾರವನ್ನು ಪರದೆಯ ಪಕ್ಕ ಹಿಡಿದಾಗ ಎರಡನ್ನೂ ಓದಿದವಳು ನಾನು."

"ಯಾವ ಗಡಿಯಾರ?"

ನಾನು ಬಳೆಗಳನ್ನು ಹಿಂದಕ್ಕೆ ಸರಿಸಿ ಕೈ ಎತ್ತಿದೆ. "ಇದು ಸರ್. ಇವತ್ತು ಬೆಳಿಗ್ಗೆ ರೇಡಿಯೊಗೆ ಸರಿ ಮಾಡಿದ್ದೇನೆ. ಬೇಕಾದರೆ ನೋಡಿ."

ನ್ಯಾಯಾಧೀಶರು ತಮ್ಮ ಮುಂಗೈ ನೋಡಿಕೊಂಡರು. ಆಮೇಲೆ ನಾನು ಹೇಳಿದ್ದನ್ನು ಹಾಗೆಯೇ ಬರೆಸಿದರು. ತೀರ್ಪಿಗೆ ಇನ್ನೂ ದಿನವಿದೆ. ಏನಾಗುವುದೋ ನಾನು ಹೇಳಲಾರೆ, ಕಂಡಿದ್ದನ್ನಷ್ಟೇ ಹೇಳಬಲ್ಲೆ. ಹೊರಗೆ ಬರುವಾಗ ಚಿಕ್ಕಮಾವ ಎದುರಾದರು. "ದೊಡ್ಡೋಳಾದೆ ಕಣಮ್ಮ," ಎಂದರು. "ಹೌದು ಮಾವ," ಎಂದೆ. ಮುಖ ತಗ್ಗಿಸಲಿಲ್ಲ.

ಗೇಟಿನಲ್ಲಿ ಸಿದ್ದೇಶ ದೂರ ನಿಂತಿದ್ದ. ನನ್ನ ಸಾಕ್ಷಿ ಮುಗಿದಿತ್ತು. ನಾನೇ ಕೂಗಿ ಕರೆದೆ. ಆಟೋ ಹತ್ತಿ, "ಪೇಟೆ ಬೀದಿ ಮೇಲೇ ಹೋಗಪ್ಪ," ಎಂದೆ. ಅವನು ಕನ್ನಡಿಯಲ್ಲಿ ನನ್ನನ್ನು ಒಮ್ಮೆ ನೋಡಿ, ಕಾಯಿ ಮಂಡಿಯ ಮುಂದೆ ತಾನಾಗಿಯೇ ನಿಧಾನ ಮಾಡಿದ.

ಮನೆಯ ಮುಂದೆ ಇಳಿಯುವಾಗ ಬೀದಿದೀಪ ಹತ್ತುತ್ತಿತ್ತು. ಕಮಲಕ್ಕ ಕಾಂಪೌಂಡಿನ ಆಚೆ ಒಣಗಿದ ಬಟ್ಟೆ ತೆಗೆಯುತ್ತಿದ್ದರು. ಹೆಗಲ ಮೇಲೆ ಸೀರೆ ಹಾಕಿಕೊಂಡು, ಹಿಂದಕ್ಕೆ ತಿರುಗುತ್ತಿದ್ದ ಆಟೋವನ್ನೇ ನೋಡಿದರು. ಕೋರ್ಟಿನ ವಿಷಯ ಏನೂ ಕೇಳಲಿಲ್ಲ.

"ನಾಳೆ ಬೆಳಿಗ್ಗೆ ಬಾಣಾವರಕ್ಕೆ ಹೋಗ್ಬೇಕು ಕಣ್ರೀ, ಸ್ಟೇಷನ್ನಿಗೆ ಬಿಡೋಕೆ ಅವನಿಗೊಂದು ಮಾತು ಹೇಳಿ," ಎಂದರು ಕ್ಲಿಪ್ಪು ಕೀಳುತ್ತಾ. "ಟೈಮಿಗೆ ಸರಿಯಾಗಿ ಬತ್ತಾನೆ ತಾನೆ?"